ಪೊರಕೆಯ ತುದಿಗೆ ಸಿಕ್ಕ ಓಲೆ

ಜನವರಿ ೮, ೧೯೭೯. ಬೆಳಿಗ್ಗೆ, ರೈಲಿನಲ್ಲಿ

ಏಳೂ ಹತ್ತರ ಪ್ಯಾಸೆಂಜರ್ ಇವತ್ತೂ ಏಳೂವರೆಗೆ. ಹೆಂಗಸರ ಡಬ್ಬಿಯಲ್ಲಿ ಕಿಟಕಿ ಪಕ್ಕ ಸಿಕ್ಕಿತು. ಶಿವನಿ ಬಿಟ್ಟ ಕೂಡಲೇ ತಿಮ್ಮಕ್ಕ ತನ್ನ ಬೆಣ್ಣೆ ಗಡಿಗೆಯನ್ನು ಕಾಲ ಸಂದಿಯಲ್ಲಿ ಭದ್ರ ಮಾಡಿಕೊಂಡು, "ಓದವ್ವ ಕಲ್ಲಮ್ಮ, ಯಾರು ಸತ್ರು ಇವತ್ತು?" ಅಂದಳು.

ಓದಿದೆ. ನಾನು ಕೆಲಸ ಮಾಡುವ ಕಡೂರಿನ ಪ್ರೆಸ್ಸಿನಿಂದ ತಂದ ಬಿಡಿ ಹಾಳೆಗಳು. ಗಂಗಾಧರಯ್ಯನವರ ಹೊಸ ಪತ್ತೇದಾರಿ ಕಾದಂಬರಿಯ ಕೊನೆಯ ಎಂಟು ಪುಟ. ನಾನೇ ಅಚ್ಚಿನ ಮೊಳೆ ಜೋಡಿಸಿದ್ದು.

ಅಜ್ಜಂಪುರದಲ್ಲಿ ಜವರಮ್ಮ ಹತ್ತಿದಳು. ಬೀರೂರು ಸ್ಟೇಷನ್ನಿನಲ್ಲಿ ಕಸ ಗುಡಿಸುತ್ತಾಳೆ, ಹದಿನೆಂಟು ವರ್ಷದ ಸರ್ವಿಸು. ಮೊದಲು ಬಾಗಿಲ ಹತ್ತಿರ ನೆಲದ ಮೇಲೆ ಕೂರುತ್ತಿದ್ದಳು. ಹೋದ ವರ್ಷ ನಾನು ಕೈ ಹಿಡಿದು ಎಳೆದು ಸೀಟಿನ ಮೇಲೆ ಕೂರಿಸಿದೆ. ಅಂದಿನಿಂದ ನನ್ನ ಪಕ್ಕವೇ. ಅವಳಿಗೆ ಓದಲು ಬರುವುದಿಲ್ಲ. ಕೇಳುವುದರಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ.

ಕೊಲೆಗಾರ ಸಿಕ್ಕಿಬಿದ್ದ. ಕಪ್ಪಗಿದ್ದ. ಕೆನ್ನೆಯ ಮೇಲೆ ಗಾಯದ ಗುರುತು. ಊರ ಹೊರಗಿನ ಕೇರಿಯವನು.

"ಈ ತಿಂಗ್ಳೂ ನಮ್ಮೋನೇನಾ?" ಎಂದು ಜವರಮ್ಮ ನಕ್ಕಳು. ಡಬ್ಬಿಯೆಲ್ಲ ನಕ್ಕಿತು.

ನನಗೆ ನಗು ಬರಲಿಲ್ಲ. ಬೀರೂರು ಬರುವವರೆಗೂ ಬೆರಳು ಮಡಿಸಿ ಲೆಕ್ಕ ಹಾಕಿದೆ. ನಾನು ಜೋಡಿಸಿದ ಆರು ಪುಸ್ತಕಗಳಲ್ಲಿ ಹೆಂಗಸರು ಹದಿನಾಲ್ಕು. ಒಂಬತ್ತು ಜನ ಹೆಣ. ಮೂವರು ಟೈಪಿಸ್ಟ್. ಇಬ್ಬರು ಬರೀ ಸುಂದರಿಯರು. ಪತ್ತೆ ಮಾಡಿದವಳು ಒಬ್ಬಳೂ ಇಲ್ಲ. ಕಳ್ಳರು ಹನ್ನೊಂದು, ಹನ್ನೊಂದೂ ಕಪ್ಪು. ಈ ಹನ್ನೊಂದು ಜನರನ್ನು ಕಪ್ಪು ಮಾಡಿದ್ದು ನನ್ನ ಈ ಹತ್ತು ಬೆರಳು... ಇದಕ್ಕೆ ಸಂಬಳ ಬೇರೆ.

ಅದೇ ದಿನ, ಸಂಜೆ

ಒಂದೇ ದಿನದಲ್ಲಿ ಎಲ್ಲ ಬದಲಾಯಿತು.

ಗಂಗಾಧರಯ್ಯನವರಿಗೆ ಶಿವಮೊಗ್ಗದಲ್ಲಿ ಕಣ್ಣಿನ ಆಪರೇಷನ್. ನಲವತ್ತು ದಿನ ಓದು ಬರಹ ಬಂದ್. ಮುಂದಿನ ಪುಸ್ತಕದ ಒಂದು ಸಾಲೂ ಬರೆದಿಲ್ಲ, ಹೆಸರೊಂದನ್ನು ಬಿಟ್ಟು. ಆ ಹೆಸರನ್ನೇ ನಂಬಿ ನಮ್ಮ ಮಾಲೀಕರು ಷಣ್ಮುಖಪ್ಪನವರು ಬೆಂಗಳೂರಿನಿಂದ ಮುಖಪುಟ ಮಾಡಿಸಿ ತರಿಸಿಬಿಟ್ಟಿದ್ದಾರೆ. ಸಾವಿರ ಪ್ರತಿ, ಮೂರು ಬಣ್ಣ. 'ಕೆಂಪು ಸೂಟ್‌ಕೇಸಿನ ಸುಂದರಿ'. ಹಾಲಿನಂಥ ಹೆಣ್ಣು, ಕತ್ತರಿಸಿದ ಕೂದಲು, ಅರ್ಧ ತಿರುಗಿದ ಮುಖ. ಕಾಣುವ ಕಿವಿಯಲ್ಲಿ ಕೆಂಪು ಕಲ್ಲಿನ ಓಲೆ. ಕೈಯಲ್ಲಿ ಪಿಸ್ತೂಲು, ಪಕ್ಕದಲ್ಲಿ ಸೂಟ್‌ಕೇಸು.

"ಮುದ್ದಪ್ಪ, ಇವಳನ್ನ ಯಾರಿಗೆ ಕಟ್ಟೋಣಯ್ಯ?" ಎಂದು ಮಾಲೀಕರು ತಲೆ ಮೇಲೆ ಕೈ ಹೊತ್ತರು.

ಮುದ್ದಪ್ಪ ಕಾಲಲ್ಲಿ ತುಳಿಯುವ ನಮ್ಮ ಟ್ರೆಡಲ್ ಮೆಷಿನ್ನಿನವನು. ಕಾಲು ನಿಲ್ಲಿಸಲಿಲ್ಲ. "ಮದುವೆ ಪತ್ರಿಕೆ ಹಿಂದ್ಗಡೆ ಹಾಕಿ ಸ್ವಾಮಿ. ಗಂಡುಗಳು ಓಡಿ ಬತ್ತಾವೆ."

"ನಾನು ಬರೀತೀನಿ" ಅಂದೆ.

"ನೀನು ಜೋಡಿಸು ತಾಯಿ. ಅಷ್ಟು ಸಾಕು."

"ಆರು ಪುಸ್ತಕ ಜೋಡಿಸಿದ್ದೀನಿ. ಕೊಲೆ ಎಷ್ಟನೇ ಪುಟಕ್ಕೆ ಬರಬೇಕು ಅಂತ ಗಂಗಾಧರಯ್ಯನವರಿಗಿಂತ ನನಗೇ ಚೆನ್ನಾಗಿ ಗೊತ್ತು."

"ಎಷ್ಟನೇದಕ್ಕೆ?"

"ಏಳು."

"ಏಳೇ ಸ್ವಾಮಿ" ಅಂದ ಮುದ್ದಪ್ಪ.

ಒಪ್ಪಿದರು. ಷರತ್ತು ಮೂರು. ತೊಂಬತ್ತಾರು ಪುಟ, ಎಂಟೆಂಟು ಪುಟದ ಹನ್ನೆರಡು ಫಾರಂ. ಫೆಬ್ರವರಿ ಇಪ್ಪತ್ನಾಲ್ಕಕ್ಕೆ ಅಂಗಡಿಗಳಲ್ಲಿ ಇರಬೇಕು. ಕತೆ ಮುಖಪುಟಕ್ಕೆ ಹೊಂದಬೇಕು. "ಹೊಂದಲಿಲ್ಲವೋ, ಆಮೇಲೆ ನಿನಗೆ ಮೊಳೆ ಮಾತ್ರ. ಕತೆ ಅನ್ನೋ ಮಾತು ಈ ಪ್ರೆಸ್ಸಲ್ಲಿ ಎತ್ತಬಾರದು."

ನಮ್ಮಲ್ಲಿರುವ ಮೊಳೆ ಎರಡು ಫಾರಮಿಗೆ ಸಾಲುವಷ್ಟೇ. ಎಂಟು ಪುಟ ಜೋಡಿಸಬೇಕು, ಅಚ್ಚು ಹಾಕಬೇಕು, ಬಿಚ್ಚಿ ಮತ್ತೆ ಮೊಳೆಗಳನ್ನು ಮರದ ಕೇಸಿನ ಮನೆಮನೆಗೆ ಸೇರಿಸಬೇಕು. ಬಿಚ್ಚಿದ ಮೇಲೆ ಅದು ಶಾಸನ. ತಿದ್ದುವ ಹಾಗಿಲ್ಲ. ಇರಲಿ. ತಿದ್ದುವಂಥದ್ದನ್ನು ನಾನು ಬರೆಯುವುದೂ ಇಲ್ಲ.

ಜನವರಿ ೯

ತಗಡಿನ ಪೆಟ್ಟಿಗೆ ತೆಗೆದೆ. ಈ ನಾಲ್ಕು ವರ್ಷದಲ್ಲಿ ಜೋಡಿಸಿದ ಪ್ರತಿ ಕರಪತ್ರದ ಒಂದೊಂದು ಪ್ರತಿ ಅದರಲ್ಲಿದೆ. ಕೂಲಿ ಸಂಘದ್ದು, ಮಹಿಳಾ ಸಮಾನತೆಯದ್ದು, ಜಾತಿ ವಿನಾಶದ್ದು, ಬೀಡಿ ಕಟ್ಟುವವರದ್ದು. ಪಿ.ಯು.ಸಿ.ಯಲ್ಲಿ ಫೇಲಾದವಳಿಗೆ ಇದೇ ಕಾಲೇಜು. ಎಲ್ಲವನ್ನೂ ಮತ್ತೊಮ್ಮೆ ಓದಿ ನಿರ್ಣಯ ಕೈಗೊಂಡೆ.

ಪತ್ತೇದಾರಿಣಿ ದುಡಿಯುವ ಹೆಣ್ಣಾಗಿರಬೇಕು. ಕೇರಿಯವಳಾಗಿರಬೇಕು. ಕಪ್ಪಗಿರಬೇಕು. ಯಾರಿಗೂ ಹೆದರಕೂಡದು, ಯಾರ ಮುಂದೂ ಅಳಕೂಡದು. ಒಂದು ತಪ್ಪನ್ನೂ ಮಾಡಕೂಡದು. ಕೊಲೆಗಾರ ಸಾಹುಕಾರನಾಗಿರಬೇಕು. ಕೊನೆಯಲ್ಲಿ ಎರಡು ಪುಟದ ಭಾಷಣ ಇರಬೇಕು.

ಹೆಸರು ದುರ್ಗಿ. ಹೆಸರಿಲ್ಲದ ಒಂದು ಜಂಕ್ಷನ್ನಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಕಸ ಗುಡಿಸುವವಳು. ಜವರಮ್ಮನಿಗಾಗಿಯೇ. ಅವಳಿಗೆ ಈಗಲೇ ಹೇಳುವುದಿಲ್ಲ. ಕೇಳಿ ತಾನೇ ಗುರುತು ಹಿಡಿಯಲಿ.

ಮುಖಪುಟದವಳನ್ನು ಏನು ಮಾಡುವುದು? ಸಾಹುಕಾರನ ಹೆಂಡತಿ ಮಾಡಿ ಮೂಲೆಗೆ ಕೂರಿಸಿದರಾಯಿತು.

ಜನವರಿ ೧೬

ಎರಡು ಫಾರಂ ಆಯಿತು. ಬೆಳಿಗ್ಗೆ ಡಬ್ಬಿಯಲ್ಲಿ ಓದಿದೆ. ಫಸ್ಟ್ ಕ್ಲಾಸ್ ವೇಟಿಂಗ್ ರೂಮಿನಲ್ಲಿ ವ್ಯಾಪಾರಿಯ ಹೆಣ, ಸರಿಯಾಗಿ ಏಳನೇ ಪುಟ. ಅವನ ಕೆಂಪು ಸೂಟ್‌ಕೇಸು ಮಾಯ. ದುರ್ಗಿ ಪೊರಕೆ ಹಿಡಿದು ಎರಡನೇ ಪ್ಲಾಟ್‌ಫಾರಮಿನಲ್ಲಿ ನಿಂತಿದ್ದಾಳೆ, ಕಣ್ಣಲ್ಲಿ ಕೆಂಡ. ನೀರಿನ ತೊಟ್ಟಿಯ ಹತ್ತಿರ ಹೊಗೆಸೊಪ್ಪು ಜಗಿಯುತ್ತ ಕೂತ ಒಬ್ಬಳು ಮುದುಕಿಯೂ ಇದ್ದಾಳೆ, ಕೆಂಚಜ್ಜಿ, ಹಳೆಯ ಗುಡಿಸುವವಳು. ಪುಟ ತುಂಬಿಸಲು ಹಾಕಿದ್ದು.

ತಿಮ್ಮಕ್ಕ ಬೆಣ್ಣೆಗೆ ಕೂತ ನೊಣ ಓಡಿಸುವುದನ್ನೇ ಮರೆತಳು. "ಯಾರವ್ವ ಬರೆದಿದ್ದು?" "ನಾನೇ." "ಹೋಗೇ!"

ಜವರಮ್ಮ ಮಾತ್ರ ಬೀರೂರಿನಲ್ಲಿ ಇಳಿಯುವಾಗ, "ಆ ಮುದುಕಿ ಚೆನ್ನಾಗವಳೆ" ಅಂದಳು. ದುರ್ಗಿಯ ಮಾತೇ ಇಲ್ಲ! ಸಂಕೋಚ ಇರಬೇಕು.

ಸಂಜೆ ಅಮ್ಮನ ಪಾಠ. "ಆ ಜವರಮ್ಮನ ಮೈಗೆ ಮೈ ತಗುಲಿಸ್ಕೊಂಡು ಕೂತಿರ್ತೀಯಂತೆ. ಮಠದ ಕಡೆಯೋರು ನೋಡಿ ಹೇಳಿದ್ರು ಕಣೇ."

"ಮಠದೋರಿಗೆ ಹೆಂಗಸರ ಡಬ್ಬಿಯಲ್ಲಿ ಏನು ಕೆಲಸವಂತೆ?"

ಅಪ್ಪ ಊಟದ ತಟ್ಟೆಗೆ ಬಗ್ಗಿ ನಕ್ಕರು. ಅಮ್ಮ ನನ್ನ ತಟ್ಟೆಗೆ ಮುದ್ದೆಯನ್ನು ಸ್ವಲ್ಪ ಜೋರಾಗಿಯೇ ಹಾಕಿದಳು.

ಜನವರಿ ೨೩

ಮೂರನೇ ಫಾರಂ ಅಚ್ಚಾಯಿತು. ಮೊಳೆ ಬಿಚ್ಚಿಯೂ ಆಯಿತು. ಇಡೀ ಪುಸ್ತಕದ ಜೀವ ಈ ಎಂಟು ಪುಟದಲ್ಲಿದೆ. ಸಂಜೆಯ ಹೊತ್ತು. ದುರ್ಗಿ ಗುಡಿಸುತ್ತಿದ್ದಾಳೆ. ಬೆಂಚಿನ ಕೆಳಗೆ ಏನೋ ಮಿನುಗುತ್ತದೆ. ಕೆಂಪು ಕಲ್ಲಿನ ಓಲೆ, ಒಂದೇ. ಅತ್ತ ಇತ್ತ ನೋಡಿ ಎತ್ತಿಕೊಳ್ಳುತ್ತಾಳೆ. ಸೆರಗಿನ ತುದಿಗೆ ಗಂಟು ಹಾಕುತ್ತಾಳೆ. "ಈ ಗಂಟಿನಲ್ಲಿ ಕೊಲೆಗಾರರ ನೇಣುಗಂಟು ಇದೆ" — ಈ ಸಾಲು ಜೋಡಿಸುವಾಗ ನನಗೇ ಮೈ ಜುಮ್ಮೆಂದಿತು.

ಮುದ್ದಪ್ಪ ಹಾಳೆ ಎತ್ತಿ ನೋಡಿ, "ಗಂಗಾಧರಯ್ಯನೋರು ಕಣ್ಣು ಬಿಚ್ಚಾಕೆ ಹೆದ್ರುತಾರೆ ಬಿಡು" ಅಂದ.

ಸಂತೋಷದಿಂದ ಕಡೂರು ಸ್ಟೇಷನ್ನಿನವರೆಗೂ ಓಡಿಕೊಂಡೇ ಹೋದೆ.

ಜನವರಿ ೨೪

ಇವತ್ತಿನದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಮೂರನೇ ಫಾರಂ ಓದಿದೆ. ಸಂಜೆ ಗುಡಿಸುವ ಕಡೆ ತಿಮ್ಮಕ್ಕ ತಡೆದಳು. "ದೀಪ ಹಚ್ಚಿದ ಮೇಲೆ ಕಸ ಗುಡಿಸ್ತಾರೇನೇ? ಲಕ್ಷ್ಮಿ ಹೊರಟೋಗ್ತಾಳೆ."

"ರೈಲ್ವೆನಾಗೆ ಲಕ್ಷ್ಮಿಗೂ ಪಾಸ್ ಐತೆ ಕಣಕ್ಕ, ಹೋಗಿ ಬತ್ತಾಳೆ. ಡ್ಯೂಟಿ ಅಂದ್ರೆ ಡ್ಯೂಟಿ" ಎಂದಳು ಜವರಮ್ಮ. ಎಲ್ಲರೂ ನಕ್ಕರು. ನಾನು ಮುಂದೆ ಓದಿದೆ. ಓಲೆ. ಎತ್ತಿಕೊಂಡಳು. ಸೆರಗಿನ ಗಂಟು.

"ನಿಲ್ಸು" ಅಂದಳು ಜವರಮ್ಮ. "ಕೈಯಾಗೆ ಎತ್ಕಂಡ್ಲಾ?"

"ಹೂಂ."

"ಸೆರಗಿಗೆ ಕಟ್ಕಂಡ್ಲಾ? ಯಾರಿಗೂ ಹೇಳ್ದೆ?"

"ಮರುದಿನ ಹೇಳ್ತಾಳೆ. ಅವಳೇ ಪತ್ತೆ ಮಾಡೋದು. ಅವಳು ಯಾರು ಗೊತ್ತಾ ಜವರಮ್ಮ? ಅವಳು ನೀನೇ."

ಜವರಮ್ಮ ಹಾಳೆಯನ್ನು ಕೈಯಿಂದ ದೂರ ಸರಿಸಿದಳು.

"ನಾನಾ? ಹದಿನೆಂಟು ವರ್ಸ ಆಯ್ತು, ಒಂದು ಗುಂಡುಸೂಜಿ ಎತ್ತಿಲ್ಲ ಕಣೇ ನಾನು. ಸರ ಸಿಕ್ಲಿ, ಗಡಿಯಾರ ಸಿಕ್ಲಿ, ಕೈ ತಾಗ್ಸಂಗಿಲ್ಲ. ಪೊರಕೆ ತುದಿಯಾಗೆ ತಳ್ಕಂಡು ಸ್ಟೇಷನ್ ಮಾಸ್ಟ್ರ ಕಾಲತ್ರಕ್ಕೆ ಹೋಗ್ಬೇಕು. ದಾರಿಯಾಗೆ ಇಬ್ರನ್ನ ಕೂಗ್ಬೇಕು, ನೋಡ್ರಪ್ಪ ನೋಡ್ರಪ್ಪ ಅಂತ. ಆಮೇಲೆ ಮಾಸ್ಟ್ರು ಎತ್ಕಂತಾರೆ. ಯಾವ ಜಂಕ್ಷನ್ನಿನಾಗೆ ಯಾವ ಗುಡ್ಸೋಳ್ನ ಬೇಕಾದ್ರೂ ಕೇಳು."

"ಅದು ಕತೆ ಜವರಮ್ಮ..."

"ನಮ್ಮವ್ವ ಎತ್ಕಂಡಿದ್ಲು. ಬ್ಯಾರೆ ಊರಿನ ಸ್ಟೇಷನ್ನು, ಹೆಸ್ರು ಬ್ಯಾಡ. ಬಿದ್ದಿದ್ದ ಗಡಿಯಾರ, ಕೊಡಾನ ಅಂತ ಓಡೋಗಿದ್ಲು. ಕಳ್ಳಿ ಅಂತ ಮೂರು ದಿನ ಠಾಣೆನಾಗೆ ಕೂರಿಸಿದ್ರು. ನೀನು ನನ್ನ ಕಳ್ಳಿ ಮಾಡ್ದೆ. ಆ ಕತೆ ಬರೆಯೋ ಅಯ್ನೋರು ನಮ್ಮ ಗಂಡಸ್ರನ್ನ ಮಾಡ್ತಿದ್ರು. ನೀನು ಹೆಂಗಸ್ರನ್ನ ಮಾಡ್ದೆ, ಅಷ್ಟೇಯ."

ಎದ್ದು ಹೋಗಿ ಬಾಗಿಲ ಪಕ್ಕ ನೆಲದ ಮೇಲೆ ಕೂತಳು. ಮೊದಲು ಕೂರುತ್ತಿದ್ದ ಜಾಗದಲ್ಲೇ.

ಬೀರೂರು ಬಂತು. ಇಳಿದು ಹೋದಳು.

ಫೆಬ್ರವರಿ ೧

ಎಂಟು ದಿನದಿಂದ ಏನೂ ಬರೆದಿಲ್ಲ, ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಷಣ್ಮುಖಪ್ಪನವರು ದಿನಾ ಕೇಳುತ್ತಾರೆ, "ನಾಲ್ಕನೇ ಫಾರಂ ಎಲ್ಲಮ್ಮಾ?" ಜ್ವರ ಅಂದೆ. ಜ್ವರದಲ್ಲಿ ಮದುವೆ ಪತ್ರಿಕೆ ಜೋಡಿಸಲು ಬರುತ್ತದೆ, ಕತೆ ಜೋಡಿಸಲು ಬರುವುದಿಲ್ಲವೋ ಅಂದರು.

ಮೂರನೇ ಫಾರಮನ್ನು ಹೊಸದಾಗಿ ಹಾಕೋಣ ಎಂದು ಕೇಳಿ ನೋಡಿದೆ. ಸಾವಿರ ಹಾಳೆ ಕಾಗದ ಎಲ್ಲಿಂದ ತರುವುದು ಅಂದರು. ಸರಿಯೇ. ಕತೆ ನಿಲ್ಲಿಸಿದರೆ ಮುಂದೆ ನನಗೆ ಮೊಳೆ ಮಾತ್ರ. ಮುಂದುವರಿಸಿದರೆ, ಸಾವಿರ ಜನರ ಕೈಯಲ್ಲಿ ಜವರಮ್ಮ ಕಳ್ಳಿ.

ಪೆಟ್ಟಿಗೆಯ ಕರಪತ್ರಗಳನ್ನೆಲ್ಲ ಮತ್ತೆ ಹುಡುಕಿದೆ. ದುಡಿಯುವ ಹೆಣ್ಣಿನ ಮೇಲೆ ನಲವತ್ತು ಪುಟ ಇದೆ. ಬಿದ್ದ ವಸ್ತು ಸಿಕ್ಕಿದರೆ ಆ ಹೆಣ್ಣು ಏನು ಮಾಡುತ್ತಾಳೆ ಎಂದು ಒಂದು ಸಾಲೂ ಇಲ್ಲ. ಕರಪತ್ರದ ತಪ್ಪಲ್ಲ. ಒಂದು ವರ್ಷ ಪಕ್ಕದಲ್ಲಿ ಕೂತಿದ್ದೆ. ಅವಳ ಕೆಲಸದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಕೇಳಿದರೆ ಅವಮಾನವಾದೀತು ಅಂದುಕೊಂಡಿದ್ದೆ. ಸೀಟಿಗೆ ಎಳೆದು ಕೂರಿಸಿದ್ದೇ ದೊಡ್ಡದು ಅಂದುಕೊಂಡಿದ್ದೆ.

ಫೆಬ್ರವರಿ ೩

ಬೀರೂರಿನಲ್ಲೇ ಇಳಿದೆ. ಕೆಲಸಕ್ಕೆ ತಡವಾಗುತ್ತದೆ ಎಂದು ಗೊತ್ತಿದ್ದೂ.

ಜವರಮ್ಮ ಎರಡನೇ ಪ್ಲಾಟ್‌ಫಾರಂ ಗುಡಿಸುತ್ತಿದ್ದಳು. ನೋಡುತ್ತ ನಿಂತೆ. ಸುಮ್ಮನೆ ಗುಡಿಸುವುದಲ್ಲ ಅದು. ಮೊದಲು ನೀರು ಚಿಮುಕಿಸುತ್ತಾಳೆ. ಗಾಳಿ ಯಾವ ಕಡೆ ಎಂದು ಸೆರಗು ಹಾರಿಸಿ ನೋಡುತ್ತಾಳೆ. ಬೆಂಚಿನ ಕೆಳಗೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಪೊರಕೆ. ಯಾವ ಗಾಡಿ ಎಲ್ಲಿ ನಿಂತಿತ್ತು ಎಂದು ಕಡಲೆಸಿಪ್ಪೆ ನೋಡಿಯೇ ಹೇಳುತ್ತಾಳೆ. ಟೀ ಕಾಯಿಸುವವನನ್ನು ಬೈಯುತ್ತಾಳೆ, ಅವನಿಂದಲೇ ಟೀ ಇಸಕೊಂಡು ಕುಡಿಯುತ್ತಾಳೆ. ಗಾರ್ಡ್ ಒಬ್ಬ ಅವಳ ಪಕ್ಕದಲ್ಲೇ ಹೋದ. ಕಂಬದ ಪಕ್ಕ ಹೋದ ಹಾಗೆ. ಮುಖ ನೋಡಲಿಲ್ಲ.

"ತಪ್ಪಾಯ್ತು ಜವರಮ್ಮ" ಅಂದೆ.

ಗುಡಿಸುತ್ತಲೇ ಇದ್ದಳು.

"ಆ ಹಾಳೆ ಅಚ್ಚಾಗೋಗಿದೆ. ತೆಗೆಯೋಕೆ ಆಗಲ್ಲ. ಏನು ಮಾಡಲಿ ಹೇಳು."

"ನನ್ನ ಯಾಕೆ ಕೇಳ್ತೀಯ? ಬರೆಯೋವಾಗ ಕೇಳಿದ್ಯಾ?"

"ಇಲ್ಲ. ಅದಕ್ಕೇ ಈಗ ಕೇಳ್ತಿದ್ದೀನಿ."

ಸೊಂಟಕ್ಕೆ ಕೈಯಿಟ್ಟು ನಿಂತಳು. ಆಮೇಲೆ ಸಿಟ್ಟಿನಲ್ಲೇ ಅಂದಳು, "ಓಲೆ ಎತ್ಕಂಡೋಳು ಗುಡ್ಸೋಳೇ ಅಲ್ಲ ಬಿಡತ್ಲಾಗೆ. ಯಾವಳೋ ಯಾಸ ಹಾಕ್ಕಂಡು ಬಂದಿರ್ಬೇಕು."

ನಾನು ನಿಂತಲ್ಲೇ ನಿಂತೆ.

"ಏನೇ? ದೆವ್ವ ಹಿಡೀತಾ?"

"ಜವರಮ್ಮ... ಅವಳು ಎತ್ಕೊಂಡಿದ್ದು ಅವಳದೇ ಓಲೆ!"

ಅವಳ ಕಣ್ಣು ಅರಳಿತು. "ಕೊಲೆ ಮಾಡೋವಾಗ ಬೀಳಿಸ್ಕಂಡಿದ್ದಾ?"

"ಹೂಂ! ಹುಡುಕೋಕೆ ಗುಡಿಸೋಳ ವೇಷದಲ್ಲಿ ಬಂದಳು. ಹೊಸದಾಗಿ ಸೇರಿದೋಳು, ಯಾರಿಗೂ ಗುರುತಿಲ್ಲ. ಗುಡಿಸೋರ ಮುಖ ಯಾರೂ ನೋಡಲ್ವಲ್ಲ."

"ಇನ್ನೊಬ್ಳು ಗುಡ್ಸೋಳು ನೋಡ್ತಾಳೆ" ಅಂದಳು ಜವರಮ್ಮ ಮೆಲ್ಲಗೆ. "ತೊಟ್ಟಿತಾವ ಹೊಗೆಸೊಪ್ಪು ಹಾಕ್ಕಂಡು ಕುಂತವಳಲ್ಲ. ನಿನ್ನ ಮುದುಕಿ."

ಫೆಬ್ರವರಿ ೩, ಸಂಜೆ

ಬಿಡಿ ಹಾಳೆಗಳನ್ನೆಲ್ಲ ಹರಡಿ ಓದಿದೆ. ನಂಬಲಾಗುವುದಿಲ್ಲ. ಒಂದು ಸಾಲೂ ಬದಲಿಸಬೇಕಾಗಿಲ್ಲ. ದುರ್ಗಿ ಯಾರಿಗೂ ಹೆದರುವುದಿಲ್ಲ, ಅಳುವುದಿಲ್ಲ, ಯಾರ ಜೊತೆಗೂ ಟೀ ಕುಡಿಯುವುದಿಲ್ಲ, ಮೂರು ಫಾರಂ ಪೂರ್ತಿ ಒಂದು ಸಲವೂ ಬೈಯುವುದಿಲ್ಲ. ಗುಡಿಸುವವಳಾಗಿದ್ದರೆ ತಾನೇ! ನಾನು ಅವಳನ್ನು ಆದರ್ಶ ಮಾಡಲು ಹೋಗಿ ವೇಷದವಳನ್ನೇ ಬರೆದಿದ್ದೆ. ಮುಖಪುಟದ ಸುಂದರಿಯೇ ಅವಳು. ಅವಳ ಕಿವಿಯಲ್ಲಿ ಕಾಣುವುದು ಒಂದೇ ಓಲೆ!

ಆದರೆ ದುರ್ಗಿ ಕಪ್ಪು, ಚಿತ್ರದವಳು ಬಿಳುಪು. ಹನ್ನೊಂದನೇ ಪುಟದಲ್ಲಿ "ಇದ್ದಿಲಿನಂಥ ಮೈ" ಎಂದು ಜೋಡಿಸಿದ್ದೇನೆ. ಹಾಗಾದರೆ ಇದ್ದಿಲೇ ಬಳಿದುಕೊಂಡಿದ್ದಳು. ಸ್ಟೇಷನ್ನಿನಲ್ಲಿ ಎಂಜಿನ್ ಕರಿಗೆ ಬರವೇ?

ಹಳೆಯ ನಿರ್ಣಯಗಳ ಮೇಲೆ ಗೆರೆ ಎಳೆದೆ. ಹೊಸದು ಒಂದೇ. ಕೇಳಿ ಬರೆಯುವುದು.

ಫೆಬ್ರವರಿ ೧೨

ಏಳು ಫಾರಂ ಮುಗಿದು ಎಂಟನೆಯದು ಕೈಯಲ್ಲಿದೆ. ಬೆರಳ ತುದಿಯಲ್ಲಿ ಮೊಳೆ ತೊಳೆಯುವ ಸೀಮೆಎಣ್ಣೆ ವಾಸನೆ, ಅನ್ನ ಉಂಡರೂ ಅದೇ. ಇಷ್ಟು ಖುಷಿ ಯಾವತ್ತೂ ಇರಲಿಲ್ಲ.

ಈಗ ಡಬ್ಬಿಯಲ್ಲಿ ಅಚ್ಚಾದ ಹಾಳೆ ಓದುವುದಿಲ್ಲ, ಕೈಬರಹ ಓದುತ್ತೇನೆ. ಅವರು ಒಪ್ಪಿದ ಮೇಲೆ ಮೊಳೆ. ಅಜ್ಜಂಪುರದಿಂದ ಬೀರೂರಿನವರೆಗೆ ಜಗಳವೋ ಜಗಳ.

ಕೆಂಚಜ್ಜಿ ಮೊದಲು ತಪ್ಪು ಮಾಡಬೇಕು ಅಂದವಳು ಜವರಮ್ಮ. ಟೀ ಮಾರುವವನ ಮೇಲೆ ಗುಮಾನಿ ಪಟ್ಟು ಎಲ್ಲರೆದುರು ಬೈದು, ಆಮೇಲೆ ಅವನು ಅಲ್ಲ ಎಂದು ಗೊತ್ತಾಗಿ ಮುಖ ಮುಚ್ಚಿಕೊಳ್ಳಬೇಕಂತೆ.

"ಯಾಕೆ? ಅವಳು ನಮ್ಮ ನಾಯಕಿ" ಅಂದೆ.

"ತಪ್ಪೇ ಮಾಡ್ದೆ ಇರೋಳ್ನ ಯಾವಳೇ ನಂಬ್ತಾಳೆ? ನಮ್ಮತ್ತೆ ಅಂಗೇ ಇದ್ಲು, ಒಂದ್ ತಪ್ಪು ಮಾಡ್ದೋಳಲ್ಲ. ಸತ್ತಾಗ ಯಾರೂ ಅಳ್ಳಿಲ್ಲ."

ತಿಮ್ಮಕ್ಕನಿಗೆ ತಾನೂ ಕತೆಯಲ್ಲಿ ಬರಬೇಕು. "ನಾನು ಸಾಯಾಕೂ ತಯಾರು ಕಣೇ, ಆದ್ರೆ ಹಸಿರು ಸೀರೆನಾಗೆ ಸಾಯ್ತೀನಿ." ಸಾಯಿಸಲಿಲ್ಲ. ಸಾಕ್ಷಿ ಮಾಡಿದೆ. ಪೊರಕೆ ತುದಿಯಲ್ಲಿ ಕೆಂಚಜ್ಜಿ ವೇಷದವಳು ಬೀಳಿಸಿಹೋದ ಎರಡನೇ ಓಲೆಯನ್ನು ತಳ್ಳಿಕೊಂಡು ಹೋಗುವಾಗ "ನೋಡ್ರಪ್ಪ" ಎಂದು ಕೂಗಿದರೆ ತಿರುಗಿ ನೋಡುವವಳು ಹಸಿರು ಸೀರೆಯ ಬೆಣ್ಣೆ ಮಾರುವವಳು.

ಭಾಷಣ ತೆಗೆದುಹಾಕಿದೆ. ಎರಡು ಪುಟ ಉಳಿಯಿತು. ಅಲ್ಲಿ ಕೆಂಚಜ್ಜಿ ಇನ್ಸ್‌ಪೆಕ್ಟರಿಗೆ ಹೇಳುವುದು ಇಷ್ಟೇ: "ಅವಳು ಬಗ್ಗಿ ಎತ್ಕಂಡ್ಲು ಸ್ವಾಮಿ. ನಮ್ಮೋರು ಬಗ್ಗಾಕಿಲ್ಲ." ಇದು ಜವರಮ್ಮನ ಮಾತು. ನಾನು ಕಾಮಾ ಮಾತ್ರ ಹಾಕಿದ್ದೇನೆ.

ಜವರಮ್ಮ ಮತ್ತೆ ನನ್ನ ಪಕ್ಕ ಕೂರುತ್ತಾಳೆ. ನಾನು ಎಳೆಯಲಿಲ್ಲ. "ಸರ್ಕೋ" ಎಂದು ಅವಳೇ ಕೂತಳು.

ಫೆಬ್ರವರಿ ೨೦

ಕೊನೆಯ ಫಾರಂ ಅಚ್ಚಿಗೆ. ಮುಖಪುಟದ ಮೇಲೆ ಕಪ್ಪು ಶಾಯಿಯಲ್ಲಿ ಬರೆದವರ ಹೆಸರು ಹಾಕುವುದು ಬಾಕಿ. ಷಣ್ಮುಖಪ್ಪನವರು 'ಕಲ್ಲೇಶ್' ಎಂದು ಬರೆದುಕೊಟ್ಟರು. "ಹೆಂಗಸು ಕೊಲೆ ಕತೆ ಬರೆದ್ಲು ಅಂದ್ರೆ ಯಾರಮ್ಮ ತಗೋತಾರೆ?"

"ಹೆಂಗಸು ಕೊಲೆ ಮಾಡಿದ್ರೆ ತಗೋತಾರೆ, ಬರೆದ್ರೆ ತಗೊಳ್ಳಲ್ವಾ?"

ಮುದ್ದಪ್ಪನ ಕಾಲು ನಿಂತಿತು. ಮೆಷಿನ್ ಸದ್ದಿಲ್ಲದ ಪ್ರೆಸ್ಸು ಮೊದಲ ಸಲ ನೋಡಿದೆ. "ಸ್ವಾಮಿ, ಕಲ್ಲೇಶ ಅಂತ ಹಾಕಿದ್ರೆ ನಾನು ತುಳಿಯಾಕಿಲ್ಲ. ಹೆಂಡ್ರಿಗೆ ಆಗ್ಲೇ ಹೇಳ್ಬಿಟ್ಟಿದ್ದೀನಿ, ನಮ್ಮ ಕಲ್ಲಮ್ಮನ ಪುಸ್ತಕ ಅಂತ."

ಷಣ್ಮುಖಪ್ಪನವರು ಕನ್ನಡಕ ಒರೆಸಿಕೊಂಡರು. "ಹಾಳಾಗೋಗಿ ಇಬ್ಬರೂ" ಅಂದರು. ಅವರ ಒಪ್ಪಿಗೆ ಹಾಗೆಯೇ.

ಬೆಳಿಗ್ಗೆ ಜವರಮ್ಮನನ್ನು ಕೇಳಿದ್ದೆ. ನಿನ್ನ ಹೆಸರೂ ಹಾಕಲಾ? ಬೇಡ ಅಂದಳು. "ನೌಕ್ರಿ ಐತವ್ವ. ಇನ್ನೂ ಹನ್ನೊಂದು ವರ್ಸ." ಕರಪತ್ರದಲ್ಲಿ ಓದಿದ್ದೆಲ್ಲ ಬಾಯಿಗೆ ಬಂತು, ಧೈರ್ಯ, ಹೋರಾಟ, ಹಕ್ಕು... ನುಂಗಿಕೊಂಡೆ. ಹೆಸರು ಅವಳದು. ಬೇಡ ಅಂದರೆ ಬೇಡ.

'ಕಲ್ಲಮ್ಮ' ಜೋಡಿಸಿದೆ. ಮೂರೇ ಅಕ್ಷರಕ್ಕೆ ಅರ್ಧ ಗಂಟೆ. ಸಾಲು ಸೊಟ್ಟಗಾಗುತ್ತಿತ್ತು.

ಫೆಬ್ರವರಿ ೨೬

ತರೀಕೆರೆಗೆ ನೂರು ಪ್ರತಿ ನಾನೇ ಒಯ್ದೆ. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯ ಬಸವರಾಜಪ್ಪನವರು ಮುಖಪುಟ ನೋಡಿ ಮುಂದಿನ ಸಾಲಿನಲ್ಲೇ ತೂಗುಹಾಕಿದರು. "ಕಲ್ಲಮ್ಮ ಅಂದ್ರೆ ಯಾರು? ಬೆಂಗಳೂರಿನೋರಾ?" "ಶಿವನಿ." "ಶಿವನಿಯಾಗೆ ಕೊಲೆ ಕತೆ ಬರೆಯೋರು ಅವ್ರಾ?" "ಒಬ್ಬಳಿದ್ದಾಳೆ."

ಬಸ್ಸಿಗೆ ಕಾಯುತ್ತ ಒಂದೂವರೆ ಗಂಟೆ ಬೆಂಚಿನ ಮೇಲಿದ್ದೆ. ಒಬ್ಬ ಕಂಡಕ್ಟರ್ ಕೊಂಡುಕೊಂಡು ನಿಂತಲ್ಲೇ ಓದತೊಡಗಿದ. ಅವನ ಬಸ್ ತುಂಬಿತ್ತು. ಡ್ರೈವರ್ ಹಾರನ್ ಹೊಡೆದ. ಎರಡನೇ ಸಲ ಹೊಡೆದ. "ತಡಿಯಯ್ಯ, ಗುಡ್ಸೋಳಿಗೆ ಓಲೆ ಸಿಕ್ತು!" ಎಂದು ಕಂಡಕ್ಟರ್ ಕೂಗಿದ.

ಒಂದು ಹೋಳಿಗೆ ತಿಂದೆ. ಒಬ್ಬಳೇ ನಗುತ್ತಿದ್ದೆ. ಪಕ್ಕದವಳು ಸರಿದು ಕೂತಳು.

ಮಾರ್ಚ್ ೧

ಗಂಗಾಧರಯ್ಯನವರು ಬಂದಿದ್ದರು, ಕಣ್ಣಿಗೆ ಹಸಿರು ಪಟ್ಟಿ. ಪುಸ್ತಕವನ್ನು ಮಗಳಿಂದ ಓದಿಸಿ ಕೇಳಿದರಂತೆ. ನಾನು ಮೊಳೆ ಕೇಸಿನ ಹಿಂದೆ ಅಡಗಿ ನಿಂತೆ.

"ಎಲ್ಲಿದ್ದಾಳೆ ಅವಳು? ಮೂವತ್ತು ವರ್ಷದಿಂದ ಬೀರೂರು ಸ್ಟೇಷನ್ನಿನಲ್ಲಿ ಇಳಿದು ಹತ್ತಿದ್ದೀನಿ. ಗುಡಿಸೋರು ಬಗ್ಗಲ್ಲ ಅಂತ ನಾನು ನೋಡೇ ಇಲ್ಲವಲ್ಲಮ್ಮಾ. ನಿನಗೆ ಯಾರು ಹೇಳಿಕೊಟ್ಟರು?"

"ನಾನೂ ನೋಡಿರಲಿಲ್ಲ ಸಾರ್" ಅಂದೆ. "ಬೈಸಿಕೊಂಡೆ."

ಜೋರಾಗಿ ನಕ್ಕರು. ಕಣ್ಣಿಗೆ ಆಗದು ಎಂದು ಷಣ್ಮುಖಪ್ಪನವರು ಬಂದು ಹಿಡಿದುಕೊಂಡರು. ಹೋಗುವಾಗ, "ಇನ್ನು ಮೇಲೆ ನನ್ನದೂ ಆ ಡಬ್ಬಿಯಲ್ಲಿ ಒಂದು ಸಲ ಓದಿಬಿಡು ತಾಯಿ, ಅಚ್ಚಿಗೆ ಮುಂಚೆ" ಅಂದರು. ಅವರ ಮೇಲೆ ನಾನು ಬೆರಳು ಮಡಿಸಿ ಹಾಕಿದ ಲೆಕ್ಕ ಸುಳ್ಳಲ್ಲ. ಆದರೂ ಇವತ್ತು ಸಿಟ್ಟು ಬರಲಿಲ್ಲ.

ಮನೆಯಲ್ಲಿ ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ಪುಸ್ತಕ ಹಿಟ್ಟಿನ ಡಬ್ಬದ ಮೇಲೆ, ಅರವತ್ತನೇ ಪುಟಕ್ಕೆ ಗುರುತಾಗಿ ಒಂದು ಕಡ್ಡಿ. "ಆ ಟೀಯವನೇ ತಾನೇ ಕೊಂದಿದ್ದು?" ಅಂದಳು. ಹೇಳಲಿಲ್ಲ. "ಹೇಳೇ! ಜವರಮ್ಮನಿಗೆ ಮೊದಲೇ ಗೊತ್ತಿತ್ತಂತೆ, ಹೆತ್ತವಳಿಗೆ ಹೇಳಲ್ವಾ?"

ಮಾರ್ಚ್ ೫. ಬೆಳಿಗ್ಗೆ, ರೈಲಿನಲ್ಲಿ

ಜವರಮ್ಮನಿಗೆ ಒಂದು ಪ್ರತಿ ತಂದಿದ್ದೆ. ವಾರದಿಂದ ಅವಳಿಗೆ ಸಂಜೆ ಡ್ಯೂಟಿ, ಇವತ್ತೇ ಸಿಕ್ಕಿದ್ದು. ಅಜ್ಜಂಪುರದಲ್ಲಿ ಹತ್ತಿದ ಕೂಡಲೇ ಕೈ ಚಾಚಿ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ. ಡಬ್ಬಿಯ ಸುತ್ತ ಒಮ್ಮೆ ನೋಡಿದಳು.

"ತಿಮ್ಮಕ್ಕ, ನೋಡ್ತಿದ್ದೀಯಾ? ಎಲ್ರೂ ನೋಡ್ರವ್ವ. ಇವಳೇ ಕೊಡ್ತಿರಾದು. ನಾನು ಎತ್ಕಂತಿರಾದಲ್ಲ."

"ನೋಡಿದ್ವಿ, ನೋಡಿದ್ವಿ!" ಎಂದರು ಎಲ್ಲರೂ. ಆಮೇಲೆ ಎರಡೂ ಕೈಯಲ್ಲಿ ಇಸಕೊಂಡಳು. ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದಳು. ಮುಖಪುಟದ ಹೆಣ್ಣಿಗೆ "ಸಿಕ್ಕಾಕ್ಕಂಡ್ಯಾ?" ಅಂದಳು. ಸೆರಗಿಗೆ ಕಟ್ಟಿಕೊಂಡಳು, ಎರಡು ಗಂಟು.

ಮುಂದಿನ ಪುಸ್ತಕವೂ ನನ್ನದೇ. ನಲವತ್ತು ದಿನ ಕಳೆದರೂ ಗಂಗಾಧರಯ್ಯನವರ ಕಣ್ಣಿಗೆ ಇನ್ನೂ ಒಂದು ತಿಂಗಳು ಬೇಕಂತೆ. ಮುಖಪುಟ ಮಾಡಿಸಿಲ್ಲ. ಕತೆ ಬರಲಿ, ಆಮೇಲೆ ಚಿತ್ರ ಎಂದು ಷಣ್ಮುಖಪ್ಪನವರು ಅಂದಿದ್ದಾರೆ. ಡೈರಿ ತೆಗೆದು ತೊಡೆಯ ಮೇಲಿಟ್ಟು ಕೇಳಿದೆ, ಜವರಮ್ಮ, ಹದಿನೆಂಟು ವರ್ಷದಲ್ಲಿ ನೀನು ಕಂಡಿದ್ದರಲ್ಲಿ ಇವತ್ತಿಗೂ ತಿಳಿಯದೇ ಉಳಿದದ್ದು ಏನಾದರೂ ಇದೆಯಾ?

ತಿಮ್ಮಕ್ಕ ಗಡಿಗೆ ಹತ್ತಿರ ಎಳೆದುಕೊಂಡಳು. ಜವರಮ್ಮ ಶುರು ಮಾಡಿದಳು. ಅವಳು ಹೇಳುತ್ತಿರುವುದನ್ನು ಹೇಳಿದ ಹಾಗೇ ಬರೆದುಕೊಳ್ಳುತ್ತಿದ್ದೇನೆ. ಗಾಡಿ ಕುಲುಕಿ ಅಕ್ಷರ ಸೊಟ್ಟ.

"ಬರಗಾಲದ ವರ್ಸ. ಬೆಳಗಿನ ಜಾವದ ಗಾಡಿ ಹೋಗಿತ್ತು. ನಾನು ಎರಡ್ನೇ ಪ್ಲಾಟ್‌ಫಾರಂ ಗುಡಿಸ್ತಾ ಬತ್ತಾ ಇದ್ದೆ. ಕೊನೇ ಬೆಂಚಿನ ಕೆಳಗೆ ಒಂದು ಬಿಳೀ ಗಂಟು ಇತ್ತು. ನಾನು ಎತ್ಲಿಲ್ಲ. ಪೊರಕೆ ತುದಿಯಾಗೆ ಮೆತ್ತಗೆ ತಳ್ದೆ. ತಳ್ದ್ರೆ, ಅದು..."

ಬೀರೂರು. ಇಳಿದುಬಿಟ್ಟಳು! ಕಿಟಕಿಯಿಂದ ಕೂಗುತ್ತಿದ್ದೇನೆ, ಜವರಮ್ಮ, ತಳ್ಳಿದರೆ ಏನಾಯ್ತು?